‘ಎಲ್ಲ ಒಂದೇ ಬಿಡಿ’ ಅನ್ನುವ ಮೊದಲು: ಬೇರೆ ಧರ್ಮದವರ ಜೊತೆ ಮಾತಿಗೆ ಕೂರುವ ಬಗೆ

ಬೇರೆ ಬೇರೆ ಧರ್ಮದವರು ಒಟ್ಟಿಗೆ ಕೂತು ಮಾತಾಡುವ ಕೂಟಗಳು ಜಗಳದಿಂದ ಕೆಡುವುದು ಕಡಿಮೆ. ಹೆಚ್ಚಿನವು ಕೆಡುವುದು ಸೌಜನ್ಯದಿಂದ. ಯಾರೋ ಒಬ್ಬರು ‘ಎಲ್ಲ ಧರ್ಮ ಹೇಳುವುದೂ ಒಂದೇ ಬಿಡಿ’ ಅನ್ನುತ್ತಾರೆ, ಉಳಿದವರು ತಲೆಯಾಡಿಸುತ್ತಾರೆ, ಅಲ್ಲಿಗೆ ಮುಗಿಯಿತು. ಆ ಮಾತಿನ ಮೇಲೆ ಕೇಳಲು ಯಾರಿಗೂ ಏನೂ ಉಳಿಯುವುದಿಲ್ಲ. ಎದ್ದು ಮನೆಗೆ ಹೋದಾಗ, ಪಕ್ಕದಲ್ಲೇ ಕೂತಿದ್ದವರು ಬೆಳಿಗ್ಗೆ ಎದ್ದು ಏನು ಮಾಡುತ್ತಾರೆ, ಯಾವ ದಿನ ಉಪವಾಸ ಇರುತ್ತಾರೆ ಅನ್ನುವಷ್ಟೂ ಗೊತ್ತಿರುವುದಿಲ್ಲ.

ಇಬ್ಬರೂ ಕಾಲೂರಬಹುದಾದ ಜಾಗ ಇರುವುದು ಇಂಥ ಸಣ್ಣ ವಿವರಗಳಲ್ಲಿ. ತತ್ತ್ವದಿಂದ ಶುರು ಮಾಡಿದರೆ ಅದು ಸಿಗುವುದಿಲ್ಲ. ಮುಂದೆ ಬರೆದಿರುವುದೆಲ್ಲ ಆ ವಿವರಗಳ ತನಕ ಹೋಗುವ ದಾರಿ: ಎಷ್ಟು ಜನ, ಎಷ್ಟು ಹೊತ್ತು, ಯಾವ ಪ್ರಶ್ನೆ, ಎಲ್ಲಿ ಎಡವುತ್ತೇವೆ, ಎಡವಿದರೆ ಏನು ಹೇಳಬೇಕು.

ಮೊದಲು, ಯಾವ ಬಗೆಯ ಮಾತು ಬೇಕು ಎಂದು ಗೊತ್ತು ಮಾಡಿಕೊಳ್ಳಿ

1893ರ ಸೆಪ್ಟೆಂಬರ್‌ನಲ್ಲಿ ಷಿಕಾಗೋದಲ್ಲಿ ನಡೆದ ಸರ್ವಧರ್ಮ ಸಮ್ಮೇಳನ 17 ದಿನ ನಡೆಯಿತು. ಭಾಷಣಗಳು ಇಂದಿಗೂ ನೆನಪಿನಲ್ಲಿವೆ. ಆದರೆ ಭಾಷಣ ಬೇರೆ, ಮಾತುಕತೆ ಬೇರೆ. ವೇದಿಕೆ ಹಾಕಿ, ಪ್ರತಿ ಧರ್ಮಕ್ಕೆ ಒಬ್ಬರಂತೆ ಕೂರಿಸಿ, ಹತ್ತು ಹತ್ತು ನಿಮಿಷ ಕೊಟ್ಟರೆ ಪ್ರತಿಯೊಬ್ಬರೂ ತಮ್ಮ ಧರ್ಮದ ಅತ್ಯುತ್ತಮ ಸಾಲುಗಳನ್ನು ಹೇಳಿ ಇಳಿಯುತ್ತಾರೆ. ಕೇಳುವವರಿಗೆ ಚಪ್ಪಾಳೆ ತಟ್ಟುವುದಷ್ಟೇ ಕೆಲಸ.

1991ರಲ್ಲಿ ವ್ಯಾಟಿಕನ್ ಹೊರಡಿಸಿದ ಒಂದು ದಾಖಲೆ ಧರ್ಮಗಳ ನಡುವಿನ ಸಂವಾದವನ್ನು ನಾಲ್ಕು ಬಗೆ ಮಾಡಿತು: ಅಕ್ಕಪಕ್ಕ ಬದುಕುವಾಗಿನ ಸಂವಾದ, ಕೂಡಿ ಕೆಲಸ ಮಾಡುವ ಸಂವಾದ, ತತ್ತ್ವಚಿಂತನೆಯ ಸಂವಾದ, ಆಧ್ಯಾತ್ಮಿಕ ಅನುಭವದ ಸಂವಾದ. ಈ ವಿಂಗಡಣೆಯನ್ನು ಯಾವ ಧರ್ಮದವರೂ ಬಳಸಬಹುದು. ಹೊಸಬರು ಸಾಮಾನ್ಯವಾಗಿ ನೇರವಾಗಿ ಮೂರನೆಯದಕ್ಕೆ ಧುಮುಕುತ್ತಾರೆ. ‘ನಿಮ್ಮಲ್ಲಿ ಮೋಕ್ಷ ಅಂದರೇನು?’ ಎಂದು ಕೇಳಿಬಿಡುತ್ತಾರೆ. ಎದುರಿಗಿರುವವರು ಪಂಡಿತರಲ್ಲ, ಎಂದೋ ಕೇಳಿದ್ದನ್ನು ನೆನಪಿಸಿಕೊಂಡು ಪಾಠ ಒಪ್ಪಿಸುತ್ತಾರೆ. ಆ ಪಾಠ ಯಾವ ಪುಸ್ತಕದಲ್ಲಾದರೂ ಸಿಗುತ್ತದೆ, ಅದಕ್ಕಾಗಿ ಮನುಷ್ಯರು ಎದುರುಬದುರು ಕೂರಬೇಕಿಲ್ಲ. ಮೊದಲ ಮೂರು ಭೇಟಿಗಳಲ್ಲಾದರೂ ಮೊದಲನೆಯ ಬಗೆಯಲ್ಲೇ ಇರಿ: ದಿನಚರಿ, ಮನೆ, ಹಬ್ಬ, ಉಪವಾಸ, ಹುಟ್ಟು, ಸಾವು.

ಇದಕ್ಕೆ ಕಾರಣವೂ ಇದೆ. ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲಿ, ಗುಂಪು ಗುಂಪುಗಳ ನಡುವಿನ ಪೂರ್ವಗ್ರಹ ಇಳಿಯಬೇಕಾದರೆ ಒಡನಾಟಕ್ಕೆ ನಾಲ್ಕು ಅನುಕೂಲ ಇರಬೇಕು ಎಂದಿದ್ದರು: ಸಮಾನ ಸ್ಥಾನ, ಒಂದೇ ಗುರಿ, ಪೈಪೋಟಿ ಇಲ್ಲದ ಸಹಕಾರ, ದೊಡ್ಡವರ ಅಥವಾ ಸಂಸ್ಥೆಯ ಒಪ್ಪಿಗೆ. 2006ರಲ್ಲಿ ಸಂಶೋಧಕರಾದ ಥಾಮಸ್ ಪೆಟಿಗ್ರೂ ಮತ್ತು ಲಿಂಡಾ ಟ್ರಾಪ್ 515 ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದರು. ನಾಲ್ಕೂ ಇದ್ದರೆ ಫಲ ಹೆಚ್ಚು. ಇಲ್ಲದಿದ್ದರೂ ಒಡನಾಟದಿಂದ ಪೂರ್ವಗ್ರಹ ಸಾಮಾನ್ಯವಾಗಿ ಕಡಿಮೆಯಾಗುತ್ತದೆ ಎಂದು ಕಂಡಿತು. ತತ್ತ್ವದ ಚರ್ಚೆಯಲ್ಲಿ ಓದಿಕೊಂಡವರ ಕೈ ಮೇಲಾಗುತ್ತದೆ, ಸಮಾನ ಸ್ಥಾನ ಮೊದಲ ಹತ್ತು ನಿಮಿಷದಲ್ಲೇ ಹೋಗುತ್ತದೆ. ತಮ್ಮ ಮನೆಯ ದಿನಚರಿಯ ವಿಷಯದಲ್ಲಿ ಮಾತ್ರ ಎಲ್ಲರೂ ಪಂಡಿತರೇ.

ಜನ, ಜಾಗ, ಗಳಿಗೆ

ಆರರಿಂದ ಎಂಟು ಜನ ಸಾಕು. ಹತ್ತು ದಾಟಿದರೆ ಮೂವರು ಮಾತಾಡುತ್ತಾರೆ, ಉಳಿದವರು ಕೇಳುತ್ತಾರೆ. ನಾಲ್ಕಕ್ಕಿಂತ ಕಡಿಮೆಯಾದರೆ ಸುಮ್ಮನಿರುವ ಹಕ್ಕೇ ಇಲ್ಲದಂತಾಗುತ್ತದೆ. ಎಲ್ಲಕ್ಕಿಂತ ಮುಖ್ಯ, ಯಾವ ಧರ್ಮದಿಂದಲೂ ಒಬ್ಬರೇ ಇರುವಂತೆ ಮಾಡಬೇಡಿ, ಕಡಿಮೆಯೆಂದರೆ ಇಬ್ಬರಿರಲಿ. ಒಬ್ಬರೇ ಇದ್ದರೆ ಅವರು ಇಡೀ ಸಮುದಾಯದ ವಕೀಲರಾಗಬೇಕಾಗುತ್ತದೆ. ಇಬ್ಬರಿದ್ದರೆ ಒಬ್ಬರು ‘ನಮ್ಮಲ್ಲಿ ಹೀಗೆ’ ಅಂದಾಗ ಇನ್ನೊಬ್ಬರು ‘ನಮ್ಮ ಮನೆಯಲ್ಲಿ ಹಾಗಿಲ್ಲವಲ್ಲ’ ಅನ್ನುತ್ತಾರೆ. ಆ ಒಂದು ಮಾತಿಗೆ ಹತ್ತು ಭಾಷಣದ ಬೆಲೆ ಇದೆ. ಒಂದು ಧರ್ಮದ ಒಳಗೇ ಎಷ್ಟು ಬಗೆ ಎಂದು ಉಳಿದವರಿಗೆ ಮೊದಲ ಬಾರಿಗೆ ಕಾಣುತ್ತದೆ. ದೇವರನ್ನು ನಂಬದವರನ್ನೂ ಕರೆಯಿರಿ, ಆದರೆ ತೀರ್ಪುಗಾರರಾಗಿ ಅಲ್ಲ. ಅವರೂ ತಾವು ಹೇಗೆ ಬದುಕುತ್ತೇವೆ, ಸತ್ತವರನ್ನು ಹೇಗೆ ಬೀಳ್ಕೊಡುತ್ತೇವೆ ಎಂದು ಹೇಳಬೇಕು.

ದಿನ ಗೊತ್ತು ಮಾಡುವಾಗಲೇ ಅರ್ಧ ಕೆಲಸ ಕೆಡುವುದುಂಟು. ಶುಕ್ರವಾರ ಮಧ್ಯಾಹ್ನ ಮುಸ್ಲಿಮರ ಸಾಮೂಹಿಕ ನಮಾಜ್ ಇರುತ್ತದೆ. ಶುಕ್ರವಾರ ಸೂರ್ಯಾಸ್ತದಿಂದ ಶನಿವಾರ ರಾತ್ರಿ ನಕ್ಷತ್ರ ಮೂಡುವ ತನಕ ಯೆಹೂದ್ಯರ ಸಬ್ಬತ್, ಅಂದರೆ ವಾರದ ವಿಶ್ರಾಂತಿಯ ದಿನ. ಕಟ್ಟುನಿಟ್ಟಾಗಿ ಪಾಲಿಸುವವರು ಆಗ ವಾಹನ ಹತ್ತುವುದಿಲ್ಲ, ಬರೆಯುವುದಿಲ್ಲ, ಫೋನ್ ಮುಟ್ಟುವುದಿಲ್ಲ. ಭಾನುವಾರ ಬೆಳಿಗ್ಗೆ ಕ್ರೈಸ್ತರಿಗೆ ಆಗದು. ಸಂಜೆ ಇಟ್ಟುಕೊಂಡರೆ ಸೂರ್ಯ ಮುಳುಗಿದ ಕೂಡಲೇ ಮಗ್ರಿಬ್ ನಮಾಜ್ ಇದೆ, ಅದರ ಗಳಿಗೆ ಚಿಕ್ಕದು. ಅದಕ್ಕೆಂದು ಮೊದಲೇ ಹತ್ತು–ಹದಿನೈದು ನಿಮಿಷದ ಬಿಡುವು ಇಟ್ಟುಬಿಡಿ, ಯಾರೂ ಮುಜುಗರದಿಂದ ಎದ್ದು ಹೋಗುವಂತಾಗಬಾರದು. ತಿನ್ನಲು ಏನಾದರೂ ಇಡುವುದಾದರೆ ಎರಡು ದಿನ ಮೊದಲೇ ಕೇಳಿ. ಏನು ತಿನ್ನುವುದಿಲ್ಲ ಎಂದಷ್ಟೇ ಕೇಳಿದರೆ ಸಾಲದು, ಯಾವ ಹೊತ್ತಿನಲ್ಲಿ ತಿನ್ನುವುದಿಲ್ಲ ಎಂದೂ ಕೇಳಬೇಕು. ಎಷ್ಟೋ ಜೈನರು ಕತ್ತಲಾದ ಮೇಲೆ ಬಾಯಿಗೆ ಏನೂ ಹಾಕುವುದಿಲ್ಲ. ಕೇಳಲು ಆಗದಿದ್ದರೆ ನೀರು ಮಾತ್ರ ಇಡಿ. ರಂಜಾನ್ ತಿಂಗಳ ಹಗಲಿನಲ್ಲಿ ಅದನ್ನೂ ಒತ್ತಾಯ ಮಾಡಿ ಕೊಡಬೇಡಿ.

ಕೈಕುಲುಕುವ ವಿಷಯದಲ್ಲಿ ಒಂದೇ ಸೂತ್ರ: ಗಂಡು–ಹೆಣ್ಣಿನ ನಡುವೆ ನೀವಾಗಿ ಕೈ ಚಾಚಬೇಡಿ, ಅವರು ಚಾಚಿದರೆ ಹಿಡಿಯಿರಿ.

ಕೂರುವ ಬಗ್ಗೆ ಒಂದು ಹಳೆಯ ಪಾಠವಿದೆ. ಅಕ್ಬರ್ 1575ರಲ್ಲಿ ಫತೇಪುರ್ ಸಿಕ್ರಿಯಲ್ಲಿ ಇಬಾದತ್ ಖಾನಾ (ಆರಾಧನೆಯ ಮನೆ) ಕಟ್ಟಿಸಿ ಚರ್ಚೆ ಶುರು ಮಾಡಿದಾಗ ಮೊದಲು ಜಗಳ ಎದ್ದದ್ದು ದೇವರ ಬಗ್ಗೆ ಅಲ್ಲ, ಯಾರು ಎಲ್ಲಿ ಕೂರಬೇಕು ಎಂಬುದಕ್ಕೆ. ಅದೂ ಆಗ ಅಲ್ಲಿದ್ದವರೆಲ್ಲ ಒಂದೇ ಧರ್ಮದವರು. ಕೊನೆಗೆ ಒಂದೊಂದು ವರ್ಗಕ್ಕೆ ಒಂದೊಂದು ದಿಕ್ಕು ಹಂಚಬೇಕಾಯಿತು. ನಿಮ್ಮ ಕೂಟದಲ್ಲಿ ಕುರ್ಚಿಗಳನ್ನು ಸುತ್ತಲೂ ಹಾಕಿ, ಎಲ್ಲವೂ ಒಂದೇ ಎತ್ತರದ್ದಿರಲಿ, ಒಂದೇ ಧರ್ಮದ ಇಬ್ಬರು ಅಕ್ಕಪಕ್ಕ ಕೂರದಿರಲಿ. ಎದುರುಬದುರು ಸಾಲು ಹಾಕಿದರೆ ನೋಡಲು ಕೋರ್ಟಿನಂತಿರುತ್ತದೆ. ಮಾತೂ ಹಾಗೇ ಆಗುತ್ತದೆ.

ಮಾತಿನ ಕಟ್ಟುಪಾಡು

ಕಟ್ಟುಪಾಡು ಜಾಸ್ತಿ ಬೇಡ. ಸ್ಟಾಕ್‌ಹೋಮ್‌ನ ಲೂಥರನ್ ಬಿಷಪ್ ಆಗಿದ್ದ ಕ್ರಿಸ್ಟರ್ ಸ್ಟೆಂಡಾಲ್ 1985ರಲ್ಲಿ, ಅಲ್ಲಿ ಅಮೆರಿಕದಲ್ಲಿ ಹುಟ್ಟಿದ ಮಾರ್ಮನ್ ಪಂಥದವರ ದೇವಾಲಯಕ್ಕೆ ವಿರೋಧ ಎದ್ದಾಗ, ಮೂರು ಮಾತು ಹೇಳಿದರು. ಒಂದು ಧರ್ಮವನ್ನು ತಿಳಿಯಬೇಕಾದರೆ ಅದನ್ನು ಪಾಲಿಸುವವರನ್ನೇ ಕೇಳಿ, ಅದರ ವೈರಿಗಳನ್ನಲ್ಲ. ನಿಮ್ಮಲ್ಲಿನ ಅತ್ಯುತ್ತಮವನ್ನು ಅವರಲ್ಲಿನ ಅತಿ ಕೆಟ್ಟದ್ದರ ಜೊತೆ ಹೋಲಿಸಬೇಡಿ. ಅವರಲ್ಲಿರುವ ಯಾವುದಾದರೂ ಒಂದನ್ನು ಕಂಡು ‘ಇದು ನಮ್ಮಲ್ಲೂ ಇದ್ದಿದ್ದರೆ’ ಎಂದು ಆಸೆ ಪಡಲು ಮನಸ್ಸಿನಲ್ಲಿ ಜಾಗ ಬಿಡಿ. ಈ ಮೂರರಲ್ಲಿ ಜನ ಮುರಿಯುವುದು ಎರಡನೆಯದನ್ನು. ನಮ್ಮ ಗ್ರಂಥದ ಶ್ಲೋಕವನ್ನು ಅವರ ಬೀದಿಯ ಗಲಾಟೆಯ ಜೊತೆ ತಕ್ಕಡಿಗೆ ಹಾಕುತ್ತೇವೆ. ಗ್ರಂಥಕ್ಕೆ ಗ್ರಂಥ, ಬೀದಿಗೆ ಬೀದಿ ಇಟ್ಟರೆ ತಕ್ಕಡಿ ಅಷ್ಟೊಂದು ವಾಲುವುದಿಲ್ಲ.

ಅಶೋಕನ 12ನೆಯ ಶಿಲಾಶಾಸನ ಇದನ್ನೇ ಇನ್ನೂ ಹಿಂದೆ ಹೇಳಿತ್ತು. ಸಂದರ್ಭವಿಲ್ಲದೆ ತನ್ನ ಪಂಥವನ್ನು ಹೊಗಳಿ ಬೇರೆಯವರದ್ದನ್ನು ಹಳಿಯಬಾರದು, ಹಾಗೆ ಮಾಡುವವನು ತನ್ನ ಪಂಥಕ್ಕೇ ಕೇಡು ಮಾಡುತ್ತಾನೆ ಎಂಬುದು ಅದರ ತಾತ್ಪರ್ಯ. ನಾಲಿಗೆಯ ಹಿಡಿತಕ್ಕೆ ಅದು ಬಳಸುವ ಪದ ‘ವಚೋಗುಪ್ತಿ’ಯ ಪ್ರಾಕೃತ ರೂಪ. ಗಮನಿಸಬೇಕಾದ್ದು, ಹೊಗಳಿಕೆಗೂ ಅದು ಮಿತಿ ಹಾಕುತ್ತದೆ. ಕೂಟದಲ್ಲಿ ಬೈಗುಳಕ್ಕೆ ಹೆದರುವ ನಾವು ಆತ್ಮಪ್ರಶಂಸೆಯನ್ನು ತಡೆಯದೆ ಬಿಡುತ್ತೇವೆ. ಸುತ್ತ ಕೂತವರ ಆಸಕ್ತಿ ಬತ್ತುವುದು ಅದರಿಂದಲೇ.

ಇದರ ಮೇಲೆ ನಮ್ಮ ಕನ್ನಡಕ್ಕೇ ಹೊಂದುವ ಒಂದು ಕಟ್ಟುಪಾಡು ಸೇರಿಸಿ. ‘ನಮ್ಮಲ್ಲಿ’ ಅನ್ನುವ ಪದವನ್ನು ಆದಷ್ಟು ಬದಿಗಿಡಿ. ‘ನಮ್ಮಲ್ಲಿ ಹೆಂಗಸರನ್ನು ಗೌರವಿಸುತ್ತೇವೆ’ ಎಂದ ಕೂಡಲೇ, ‘ನಿಮ್ಮಲ್ಲಿ’ ಹಾಗಲ್ಲ ಎಂದು ಹೇಳದೆಯೂ ಹೇಳಿದಂತಾಯಿತು. ಅದರ ಬದಲು ‘ನಮ್ಮ ಮನೆಯಲ್ಲಿ’, ‘ನಾನು’, ‘ನಮ್ಮ ತಾಯಿ’ ಎಂದು ಹೇಳಿ. ಅದೇ ರೀತಿ ‘ನಿಮ್ಮವರು ಯಾಕೆ ಹೀಗೆ?’ ಅನ್ನುವುದನ್ನು ‘ನೀವು ಇದನ್ನು ಹೇಗೆ ಮಾಡುತ್ತೀರಿ?’ ಎಂದು ತಿರುಗಿಸಿ. ‘ಅನ್ಯಧರ್ಮೀಯರು’ ಅನ್ನುವ ಪದದಲ್ಲೇ ಒಂದು ಮಾರು ದೂರ ಇದೆ, ಎದುರಿಗೆ ಕೂತವರಿಗೆ ಅದು ಬೇಡ. ‘ಸಹಿಷ್ಣುತೆ’ಯೂ ಅಷ್ಟೇ: ಹಲ್ಲುನೋವನ್ನು ಸಹಿಸಿಕೊಳ್ಳುತ್ತೇವೆ, ಗೆಳೆಯರನ್ನಲ್ಲ. ಬೇರೆಯವರ ಪವಿತ್ರ ಕತೆಗೆ ‘ಪುರಾಣ’ ಎನ್ನುವಾಗಲೂ ಜಾಗ್ರತೆ. ಅದು ಗೌರವದ ಪದವೂ ಹೌದು, ‘ಪುರಾಣ ಊದಬೇಡ’ ಎನ್ನುವಾಗ ತಾತ್ಸಾರದ್ದೂ ಹೌದು.

ಫೋಟೋ ಬೇಡ, ರೆಕಾರ್ಡಿಂಗ್ ಬೇಡ, ಇಲ್ಲಿ ಕೇಳಿದ್ದನ್ನು ಹೆಸರು ಸಮೇತ ವಾಟ್ಸ್ಆ್ಯಪ್‌ಗೆ ಹಾಕುವಂತಿಲ್ಲ. ಯಾರನ್ನೂ ತಮ್ಮ ಧರ್ಮಕ್ಕೆ ಸೆಳೆಯಲು ಇಲ್ಲಿ ಯಾರೂ ಬಂದಿಲ್ಲ ಎಂಬುದನ್ನು ಮೊದಲೇ ಬಾಯಿಬಿಟ್ಟು ಹೇಳಿ. ಎಲ್ಲರಿಗೂ ಗೊತ್ತಿರುತ್ತದೆ ಎಂದು ಬಿಟ್ಟರೆ ಅನುಮಾನ ಕೊನೆಯ ತನಕ ಒಳಗೇ ಕೂತಿರುತ್ತದೆ.

ಮೊದಲ ಭೇಟಿ: ಒಂದು ವಸ್ತು ತನ್ನಿ

ತೊಂಬತ್ತು ನಿಮಿಷ ಇಟ್ಟುಕೊಳ್ಳಿ. ಪರಿಚಯಕ್ಕೆ ಹತ್ತು ನಿಮಿಷ. ಹೆಸರು, ಹೆಸರಿನ ಅರ್ಥ ಅಥವಾ ಯಾರಿಟ್ಟದ್ದು, ಅಷ್ಟೇ. ಆಮೇಲೆ ಪ್ರತಿಯೊಬ್ಬರೂ ಮನೆಯಿಂದ ತಂದ ಒಂದು ವಸ್ತುವಿನ ಬಗ್ಗೆ ಮೂರು ನಿಮಿಷ ಹೇಳುತ್ತಾರೆ. ಧಾರ್ಮಿಕ ಬಳಕೆಯದ್ದಾಗಿರಬೇಕು, ಆದರೆ ಬೆಲೆಬಾಳುವುದಲ್ಲ, ದಿನಾ ಕೈಗೆ ಸಿಗುವಂಥದ್ದು. ಎಲ್ಲರೂ ಹೇಳಿ ಮುಗಿಯುವ ತನಕ ಪ್ರಶ್ನೆ ಇಲ್ಲ. ಆಮೇಲೆ ನಲವತ್ತು ನಿಮಿಷ ಪ್ರಶ್ನೆಗಳು. ಮುಟ್ಟಬಹುದೇ ಎಂದು ಕೇಳಿಯೇ ಮುಟ್ಟಬೇಕು.

ಏನು ತರುವುದೆಂದು ತೋಚದವರಿಗೆ ಜಪಮಾಲೆ ಹೇಳಿ. ಇಷ್ಟು ಜನರ ಕೈಯಲ್ಲಿ ಇಷ್ಟು ಒಂದೇ ತರಹ ಇದ್ದು, ಎಣಿಸಿದರೆ ಇಷ್ಟು ಬೇರೆಯಾಗುವ ವಸ್ತು ಇನ್ನೊಂದಿಲ್ಲ. ಹಿಂದೂ, ಬೌದ್ಧ, ಜೈನ ಮಾಲೆಗಳಲ್ಲಿ ಸಾಮಾನ್ಯವಾಗಿ 108 ಮಣಿ. ಜೈನರು ಆ ಲೆಕ್ಕವನ್ನು ಪಂಚಪರಮೇಷ್ಠಿಗಳ (ಅವರು ವಂದಿಸುವ ಐದು ವರ್ಗದ ಪೂಜ್ಯರ) ಗುಣಗಳಿಂದ ಬಿಡಿಸುತ್ತಾರೆ: ಅರಿಹಂತರ 12, ಸಿದ್ಧರ 8, ಆಚಾರ್ಯರ 36, ಉಪಾಧ್ಯಾಯರ 25, ಸಾಧುಗಳ 27. ಮುಸ್ಲಿಮರ ಜಪಮಾಲೆ ತಸ್ಬೀಹ್‌ನಲ್ಲಿ 99, ಅಥವಾ 33 ಮಣಿಯದ್ದನ್ನೇ ಮೂರು ಸುತ್ತು. ಕ್ಯಾಥೋಲಿಕರ ರೋಜರಿಯಲ್ಲಿ 59. ಆರ್ಥೊಡಾಕ್ಸ್ ಕ್ರೈಸ್ತರದ್ದು ಮಣಿಯೇ ಅಲ್ಲ, ಗಂಟು ಹಾಕಿದ ಉಣ್ಣೆಯ ದಾರ. ಬಹಾಯಿ ಧರ್ಮದವರು ದಿನಕ್ಕೆ 95 ಸಲ ಎಣಿಸುತ್ತಾರೆ. ಪ್ರೊಟೆಸ್ಟೆಂಟರಲ್ಲಿ ಹೆಚ್ಚಿನವರಿಗೆ ಇದು ಇಲ್ಲ, ಬೆರಳಲ್ಲೇ ಎಣಿಸುವ ಮುಸ್ಲಿಮರೂ ಇದ್ದಾರೆ. ‘ನಮಗೆ ಇಲ್ಲ’ ಅನ್ನುವುದೂ ಒಂದು ಉತ್ತರ, ಅದಕ್ಕೂ ಮೂರು ನಿಮಿಷ ಕೊಡಿ.

ಮಾತು ಹೀಗೆ ಹೋಗುತ್ತದೆ:

‘ಈ ಒಂದು ಮಣಿ ಯಾಕೆ ದೊಡ್ಡದು?’

‘ಅದು ಮೇರು. ದಾಟಬಾರದು. ಅಲ್ಲಿಗೆ ಬಂದರೆ ಸರ ತಿರುಗಿಸಿ ಬಂದ ದಾರಿಯಲ್ಲೇ ಹೊರಡಬೇಕು.’

‘ದಾಟಿದರೆ?’

‘ಅದು ಗೊತ್ತಿಲ್ಲ. ಅಜ್ಜಿ ದಾಟಬೇಡ ಅಂದಿದ್ದರು.’

‘ನನ್ನ ಈ ತಸ್ಬೀಹ್‌ನಲ್ಲಿ ದಾಟಬಾರದ ಮಣಿ ಇಲ್ಲ. 33 ಆದ ಮೇಲೆ ಒಂದು ಗುರುತಿನ ಮಣಿ ಇದೆ ನೋಡಿ, ಅಲ್ಲಿಂದ ಹೇಳುವ ಮಾತು ಬದಲಾಗುತ್ತದೆ.’

‘ನಡುವೆ ಎಣಿಕೆ ತಪ್ಪಿದರೆ ಏನು ಮಾಡುತ್ತೀರಿ?’

ಈ ಕೊನೆಯ ಪ್ರಶ್ನೆಗೆ ಸುತ್ತ ಕೂತವರೆಲ್ಲ ನಗುತ್ತಾರೆ. ಬೆರಳು ಮಣಿ ಎಣಿಸುತ್ತಿರುತ್ತದೆ, ಮನಸ್ಸು ಒಲೆಯ ಮೇಲಿಟ್ಟ ಪಾತ್ರೆಯ ಹತ್ತಿರ ಹೋಗಿರುತ್ತದೆ. ಇದು ಮಾಲೆ ಹಿಡಿದ ಪ್ರತಿಯೊಬ್ಬರಿಗೂ ಗೊತ್ತು. ‘ದೇವನೊಬ್ಬ ನಾಮ ಹಲವು’ ಎನ್ನುವುದಕ್ಕಿಂತ ಇದು ಗಟ್ಟಿಯಾದ ನೆಲ, ಯಾಕೆಂದರೆ ಇಲ್ಲಿ ಯಾರೂ ತಮ್ಮದೇನನ್ನೂ ಬಿಟ್ಟುಕೊಡಬೇಕಾಗಿಲ್ಲ.

ಉಳಿದ ಸಮಯದಲ್ಲಿ ಒಂದು ಅಭ್ಯಾಸ ಮಾಡಿ. ಪ್ರತಿಯೊಬ್ಬರೂ ಬೇರೊಬ್ಬರ ವಸ್ತುವಿನ ಬಗ್ಗೆ ಕೇಳಿದ್ದನ್ನು ಎರಡು ವಾಕ್ಯದಲ್ಲಿ ತಿರುಗಿ ಹೇಳಬೇಕು. ವಸ್ತುವಿನ ಯಜಮಾನರು ‘ಹೌದು’ ಅನ್ನಬೇಕು, ಇಲ್ಲವೇ ತಿದ್ದಬೇಕು. ‘ಸುಮಾರು ಹಾಗೇ’ ಎಂದರೆ ಒಪ್ಪಬೇಡಿ, ಎಲ್ಲಿ ತಪ್ಪಿತು ಎಂದು ಕೇಳಿ. ಕೇಳಿಸಿಕೊಂಡಿದ್ದೇವೆ ಎಂದು ಅಂದುಕೊಳ್ಳುವುದಕ್ಕೂ ನಿಜಕ್ಕೂ ಕೇಳಿಸಿಕೊಳ್ಳುವುದಕ್ಕೂ ಇರುವ ಅಂತರ ಇಲ್ಲಿ ಬಯಲಾಗುತ್ತದೆ.

ಎಂಥ ಪ್ರಶ್ನೆ

ಒಳ್ಳೆಯ ಪ್ರಶ್ನೆಗೆ ಉತ್ತರ ಕೊಡಲು ಪಾಂಡಿತ್ಯ ಬೇಕಾಗುವುದಿಲ್ಲ, ನೆನಪು ಸಾಕು. ‘ಇದನ್ನು ನಿಮಗೆ ಹೇಳಿಕೊಟ್ಟವರು ಯಾರು?’ ‘ಚಿಕ್ಕಂದಿನಲ್ಲಿ ಇದರಲ್ಲಿ ಯಾವುದು ಬೇಜಾರು ತರುತ್ತಿತ್ತು?’ ‘ನಿಮ್ಮ ತಂದೆ–ತಾಯಿ ಮಾಡುತ್ತಿದ್ದು ನೀವು ಬಿಟ್ಟದ್ದು ಏನು?’ ‘ಮನೆಯಲ್ಲಿ ಸಾವಾದಾಗ ಮೊದಲು ಯಾರಿಗೆ ಹೇಳಿಕಳಿಸುತ್ತೀರಿ?’ ‘ಉಪವಾಸದ ದಿನ ಯಾವ ಹೊತ್ತು ಕಷ್ಟ?’ ಇವು ತೆರೆಯುವ ಪ್ರಶ್ನೆಗಳು.

ಮುಚ್ಚುವ ಪ್ರಶ್ನೆಗಳಿಗೂ ಒಂದು ಲಕ್ಷಣ ಇದೆ: ಅದರೊಳಗೆ ಉತ್ತರ ಮೊದಲೇ ಕೂತಿರುತ್ತದೆ. ‘ಇದೆಲ್ಲ ಮೂಢನಂಬಿಕೆ ಅಂತ ನಿಮಗೆ ಅನ್ನಿಸುವುದಿಲ್ಲವೇ?’ ‘ನಿಮ್ಮಲ್ಲಿ ಹೆಂಗಸರಿಗೆ ಸ್ವಾತಂತ್ರ್ಯ ಇದೆಯಾ?’ ‘ನೀವು ಇಷ್ಟು ಓದಿಕೊಂಡವರು, ಆದರೂ…?’ ಕೊನೆಯದು ಹೊಗಳಿಕೆಯ ವೇಷದಲ್ಲಿ ಬರುವುದರಿಂದ ಕೇಳಿದವರಿಗೇ ತಪ್ಪು ಕಾಣುವುದಿಲ್ಲ. ಪ್ರಶ್ನೆ ಕೇಳುವ ಮೊದಲು ಒಂದು ಪರೀಕ್ಷೆ ಮಾಡಿ. ಇದೇ ಪ್ರಶ್ನೆಯನ್ನು ಅವರು ನನ್ನ ಧರ್ಮದ ಬಗ್ಗೆ ಇದೇ ದನಿಯಲ್ಲಿ ಕೇಳಿದರೆ ನನಗೆ ಹೇಗಾಗುತ್ತದೆ?

ಮೊದಲ ಸಲವೇ ಕೇಳಬಾರದ ಮೂರು ವಿಷಯ: ಉಡುಪು, ಮದುವೆ ಯಾರ ಜೊತೆ ಆಗಬಹುದು, ಮತಾಂತರ. ಮೂರನೇ ಭೇಟಿಯ ನಂತರ ಇವು ತಾವಾಗಿ ಬರುತ್ತವೆ, ಬರಲಿ.

ಒಂದೇ ಪದ, ಬೇರೆ ಸರಕು

ಅತಿ ಹೆಚ್ಚು ಗೊಂದಲ ಹುಟ್ಟುವುದು ಇಲ್ಲಿ, ಯಾರ ಕಣ್ಣಿಗೂ ಬೀಳದೆ. ಎಲ್ಲರೂ ಅದೇ ಕನ್ನಡ ಪದ ಆಡುತ್ತಿರುತ್ತಾರೆ, ಒಳಗಿನ ಸರಕು ಬೇರೆ.

‘ಉಪವಾಸ’ ತೆಗೆದುಕೊಳ್ಳಿ. ಒಬ್ಬರಿಗೆ ಅದು ಧಾನ್ಯ ಬಿಡುವುದು. ರಂಜಾನಿನಲ್ಲಿ ಅದು ಬೆಳಗಿನ ಜಾವದಿಂದ ಸೂರ್ಯಾಸ್ತದ ತನಕ ನೀರೂ ಇಲ್ಲದಿರುವುದು, ರಾತ್ರಿ ಊಟ ಮಾಡುವುದು. ಯೆಹೂದ್ಯರ ಪ್ರಾಯಶ್ಚಿತ್ತದ ದಿನವಾದ ಯೋಮ್ ಕಿಪ್ಪುರ್‌ನಲ್ಲಿ ಅದು ಸುಮಾರು 25 ಗಂಟೆ ಒಂದೇ ಸಮನೆ. ಈಸ್ಟರ್‌ಗೆ ಮೊದಲು ಬರುವ ಕ್ರೈಸ್ತರ ತಪಸ್ಸುಕಾಲದಲ್ಲಿ ನಲವತ್ತು ದಿನ ಏನಾದರೊಂದನ್ನು ತೊರೆಯುವುದು. ‘ನಾವೂ ಉಪವಾಸ ಮಾಡುತ್ತೇವೆ’ ಎಂದು ಇಬ್ಬರೂ ಸಂತೋಷಪಟ್ಟು ಮುಂದೆ ಹೋದರೆ ಇಬ್ಬರಿಗೂ ಏನೂ ಗೊತ್ತಾಗಲಿಲ್ಲ. ‘ಯಾವಾಗಿಂದ ಯಾವಾಗಿನ ತನಕ? ಏನು ಬಿಡುತ್ತೀರಿ? ಮಕ್ಕಳು, ಕಾಯಿಲೆಯವರು? ಹೇಗೆ ಮುರಿಯುತ್ತೀರಿ?’ ಈ ನಾಲ್ಕು ಕೇಳಿ. ಎಲ್ಲೆಡೆಯೂ ಕಾಯಿಲೆಯವರಿಗೆ ವಿನಾಯಿತಿ ಇದೆ ಎಂದು ಗೊತ್ತಾದಾಗ, ಅದನ್ನು ಯಾರು ಹೇಗೆ ಕೊಟ್ಟರು, ಅಜ್ಜ ಯಾಕೆ ಒಪ್ಪಲಿಲ್ಲ ಎಂಬ ಮಾತು ತಾನಾಗಿ ಹೊರಡುತ್ತದೆ.

‘ದೇವರು’ ಅನ್ನುವುದೂ ಹಾಗೇ. ಸೃಷ್ಟಿಕರ್ತ ಎಂಬ ಅರ್ಥದಲ್ಲಿ ಜೈನರಿಗೂ ಬೌದ್ಧರಿಗೂ ಆ ಪದ ಹೊಂದುವುದಿಲ್ಲ. ಹಾಗಾಗಿ ‘ದೇವರನ್ನು ನಂಬುವವರೆಲ್ಲ ಒಂದೇ’ ಎಂದು ಶುರು ಮಾಡಿದರೆ ಅವರನ್ನು ಬಾಗಿಲ ಹೊರಗೆ ನಿಲ್ಲಿಸಿದಂತೆ. ‘ಪ್ರಾರ್ಥನೆ’ ಎಂದರೆ ನಮಗೆ ಬೇಡಿಕೆಯ ನೆನಪು ಬರುತ್ತದೆ. ಮುಸ್ಲಿಮರಲ್ಲಿ ನಮಾಜ್ ಬೇರೆ, ಬೇಡಿಕೊಳ್ಳುವ ದುವಾ ಬೇರೆ. ಕನ್ನಡದ ಕ್ಯಾಥೋಲಿಕರು ‘ಬಲಿಪೂಜೆ’ ಅನ್ನುತ್ತಾರೆ, ಪ್ರಾಣಿಬಲಿಗೂ ಅದಕ್ಕೂ ಸಂಬಂಧವಿಲ್ಲ, ರೊಟ್ಟಿ ಮತ್ತು ದ್ರಾಕ್ಷಾರಸ ಅರ್ಪಿಸುವ ಆರಾಧನೆ ಅದು. ಮೊದಲ ಸಲ ಕೇಳಿದವರು ಬೆಚ್ಚುವುದುಂಟು. ‘ಧರ್ಮಗ್ರಂಥ’ ಎಂದರೆ ಒಂದು ಪುಸ್ತಕ ಎಂದುಕೊಳ್ಳಬೇಡಿ. ಕುರ್‌ಆನ್ 114 ಅಧ್ಯಾಯಗಳ ಒಂದು ಗ್ರಂಥ. ಬೈಬಲ್ ಒಂದು ಪುಸ್ತಕ ಎಂಬುದಕ್ಕಿಂತ ಒಂದು ಕಪಾಟು. ಪ್ರೊಟೆಸ್ಟೆಂಟರಲ್ಲಿ 66, ಕ್ಯಾಥೋಲಿಕರಲ್ಲಿ 73 ಪುಸ್ತಕಗಳು. ಹಿಂದೂಗಳನ್ನು ‘ನಿಮ್ಮ ಗ್ರಂಥದಲ್ಲಿ ಏನು ಹೇಳಿದೆ’ ಎಂದು ಕೇಳಿದರೆ ‘ಯಾವುದರಲ್ಲಿ?’ ಎಂಬುದೇ ಸರಿಯಾದ ಉತ್ತರ.

ಎರಡನೇ ಭೇಟಿಗೆ: ಕ್ಯಾಲೆಂಡರ್

ದೊಡ್ಡ ಹಾಳೆಯ ಮೇಲೆ ಮುಂದಿನ ಹನ್ನೆರಡು ತಿಂಗಳು ಬರೆಯಿರಿ. ಪ್ರತಿಯೊಬ್ಬರೂ ತಮ್ಮ ಹಬ್ಬ, ಉಪವಾಸ, ಸ್ಮರಣೆಯ ದಿನಗಳನ್ನು ಬೇರೆ ಬಣ್ಣದಲ್ಲಿ ಗುರುತಿಸಲಿ. ಹದಿನೈದು ನಿಮಿಷ ಸಾಕು. ಗುರುತಿಸುವಾಗಲೇ ‘ಹೋದ ವರ್ಷ ಈ ತಿಂಗಳಲ್ಲಿ ಇರಲಿಲ್ಲವಲ್ಲ’ ಎಂಬ ಮಾತು ಬರುತ್ತದೆ, ಅದನ್ನೇ ಹಿಡಿದುಕೊಳ್ಳಿ.

ಚಂದ್ರನ ಹನ್ನೆರಡು ತಿಂಗಳು ಸೇರಿದರೆ 354 ದಿನ, ಸೂರ್ಯನ ವರ್ಷಕ್ಕಿಂತ ಸುಮಾರು 11 ದಿನ ಕಡಿಮೆ. ಆ ಹನ್ನೊಂದು ದಿನವನ್ನು ಏನು ಮಾಡಬೇಕು? ಇಸ್ಲಾಮೀ ಪಂಚಾಂಗ ಅದನ್ನು ಹಾಗೇ ಬಿಡುತ್ತದೆ. ಹಾಗಾಗಿ ರಂಜಾನ್ ವರ್ಷವರ್ಷವೂ ಹಿಂದೆ ಸರಿಯುತ್ತ ಸುಮಾರು 33 ವರ್ಷದಲ್ಲಿ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. ಹಿಂದೂ ಪಂಚಾಂಗ ಅದನ್ನು ಕೂಡಿಟ್ಟು, ಸುಮಾರು 32–33 ತಿಂಗಳಿಗೊಮ್ಮೆ ಅಧಿಕ ಮಾಸ ಹಾಕುತ್ತದೆ. ಯೆಹೂದ್ಯರು 19 ವರ್ಷಕ್ಕೆ 7 ಹೆಚ್ಚಿನ ತಿಂಗಳು ಸೇರಿಸುತ್ತಾರೆ. ಕ್ರೈಸ್ತರ ಕ್ರಿಸ್‌ಮಸ್ ಕದಲುವುದಿಲ್ಲ, ಈಸ್ಟರ್ ಮಾತ್ರ ಹುಣ್ಣಿಮೆಯ ಲೆಕ್ಕಕ್ಕೆ ಸಿಕ್ಕಿ ಪಾಶ್ಚಾತ್ಯ ಚರ್ಚುಗಳಲ್ಲಿ ಮಾರ್ಚ್ 22ರಿಂದ ಏಪ್ರಿಲ್ 25ರ ನಡುವೆ ಓಡಾಡುತ್ತದೆ. ಸಮಸ್ಯೆ ಎಲ್ಲರದ್ದೂ ಒಂದೇ, ಪರಿಹಾರ ಮಾತ್ರ ಬೇರೆ ಬೇರೆ. ಎಲ್ಲರೂ ನೋಡುತ್ತಿರುವುದು ಅದೇ ಚಂದ್ರನನ್ನು.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬೇಕೆಂದರೆ ‘ನಿಮಗೆ ದಿನ ಶುರುವಾಗುವುದು ಯಾವಾಗ?’ ಎಂದು ಕೇಳಿ. ಮುಸ್ಲಿಮರಿಗೂ ಯೆಹೂದ್ಯರಿಗೂ ಸೂರ್ಯಾಸ್ತಕ್ಕೆ, ಹಿಂದೂ ಪಂಚಾಂಗಕ್ಕೆ ಸೂರ್ಯೋದಯಕ್ಕೆ, ಗೋಡೆ ಗಡಿಯಾರಕ್ಕೆ ಮಧ್ಯರಾತ್ರಿಗೆ. ಅರ್ಧ ಗಂಟೆ ಇದೊಂದರಲ್ಲೇ ಕಳೆಯುತ್ತದೆ. ಹಾಳೆಯನ್ನು ಎಸೆಯಬೇಡಿ, ಮುಂದಿನ ಭೇಟಿಗಳ ದಿನ ಗೊತ್ತು ಮಾಡಲು ಅದೇ ಬೇಕು.

ಗ್ರಂಥ ಓದುವ ಮಟ್ಟಕ್ಕೆ ಬಂದಾಗ

ನಾಲ್ಕನೆಯ ಭೇಟಿಗಿಂತ ಮೊದಲು ಬೇಡ. 1990ರ ದಶಕದಲ್ಲಿ ಪೀಟರ್ ಓಕ್ಸ್, ಡೇವಿಡ್ ಫೋರ್ಡ್ ಮೊದಲಾದ ವಿದ್ವಾಂಸರು ಯೆಹೂದ್ಯ, ಕ್ರೈಸ್ತ, ಮುಸ್ಲಿಂ ಓದುಗರನ್ನು ಒಂದೇ ಮೇಜಿನ ಸುತ್ತ ಕೂರಿಸಿ ಮೂವರ ಗ್ರಂಥಗಳಿಂದಲೂ ಚಿಕ್ಕ ಭಾಗಗಳನ್ನು ಒಟ್ಟಿಗೆ ಓದುವ ಪದ್ಧತಿ ಬೆಳೆಸಿದರು. ಒಮ್ಮತಕ್ಕೆ ಬರಬೇಕೆಂಬ ಹಟ ಅದರಲ್ಲಿ ಇಲ್ಲ. ಅದನ್ನು ಯಾರೂ ಅಳವಡಿಸಿಕೊಳ್ಳಬಹುದು: ಒಂದು ವಿಷಯ ಆರಿಸಿ, ಉದಾಹರಣೆಗೆ ಅಪರಿಚಿತರನ್ನು ನಡೆಸಿಕೊಳ್ಳುವುದು, ಸಾಲ, ಕ್ಷಮೆ. ಪ್ರತಿ ಧರ್ಮದಿಂದ ಹತ್ತು–ಹದಿನೈದು ಸಾಲು, ಅದಕ್ಕಿಂತ ಹೆಚ್ಚಲ್ಲ. ತಂದವರು ಮೂಲದಲ್ಲಿ ಗಟ್ಟಿಯಾಗಿ ಓದಲಿ, ಅರ್ಥವಾಗದಿದ್ದರೂ ದನಿ ಕೇಳಲಿ, ಆಮೇಲೆ ಕನ್ನಡದಲ್ಲಿ. ಐದು ನಿಮಿಷ ಹಿನ್ನೆಲೆ, ಇಪ್ಪತ್ತು ನಿಮಿಷ ಮಾತು. ಕೈಯಲ್ಲಿರುವ ಸಾಲುಗಳಲ್ಲೇ ನಿಲ್ಲಬೇಕು. ‘ಆದರೆ ಇನ್ನೊಂದು ಕಡೆ ಹೀಗೆ ಹೇಳಿದೆಯಲ್ಲ’ ಎಂದು ಮೊಬೈಲ್ ತೆಗೆದವರನ್ನು ನಯವಾಗಿ ತಡೆಯಿರಿ.

ಇಲ್ಲಿ ಸಾಮ್ಯಕ್ಕಿಂತ ಸಣ್ಣ ವ್ಯತ್ಯಾಸ ಹೆಚ್ಚು ಫಲ ಕೊಡುತ್ತದೆ. ಅಬ್ರಹಾಮ ತನ್ನ ಮಗನನ್ನು ಬಲಿ ಕೊಡಲು ಹೊರಟ ಪ್ರಸಂಗ ಬೈಬಲಿನ ಆದಿಕಾಂಡದ 22ನೆಯ ಅಧ್ಯಾಯದಲ್ಲಿದೆ, ಮಗ ಇಸಾಕ. ಕುರ್‌ಆನಿನಲ್ಲೂ ಪ್ರಸಂಗ ಇದೆ, ಅಲ್ಲಿ ಮಗನ ಹೆಸರಿಲ್ಲ; ಹೆಚ್ಚಿನ ಮುಸ್ಲಿಮರು ಇಸ್ಮಾಯಿಲ್ ಎನ್ನುತ್ತಾರೆ. ಕುರ್‌ಆನಿನಲ್ಲಿ ತಂದೆ ಮಗನನ್ನು ‘ನಿನಗೇನನ್ನಿಸುತ್ತದೆ’ ಎಂದು ಕೇಳುತ್ತಾನೆ, ಮಗ ಒಪ್ಪುತ್ತಾನೆ. ಆದಿಕಾಂಡದಲ್ಲಿ ಮಗ ‘ಬಲಿಯ ಕುರಿ ಎಲ್ಲಿ?’ ಎಂದು ಕೇಳುತ್ತಾನೆ, ತಂದೆ ನೇರವಾಗಿ ಹೇಳುವುದಿಲ್ಲ. ‘ಹೆಸರು ಯಾರದ್ದು’ ಎಂದು ಹಿಡಿದರೆ ಜಗಳ. ‘ಮಗನಿಗೆ ಗೊತ್ತಿತ್ತೇ?’ ಎಂದು ಹಿಡಿದರೆ ಮೇಜಿನ ಸುತ್ತ ಕೂತ ಪ್ರತಿ ತಂದೆ, ಪ್ರತಿ ಮಗಳು ಮಾತಾಡುತ್ತಾರೆ.

ಗ್ರಂಥವನ್ನು ನೆಲದ ಮೇಲಿಡಬಾರದು, ಅದರ ಮೇಲೆ ಏನನ್ನೂ ಇಡಬಾರದು. ಮುಟ್ಟುವ ಮೊದಲು ಶುದ್ಧಿ ಬೇಕೆನ್ನುವವರಿದ್ದಾರೆ. ಸಿಖ್ಖರ ಗುರು ಗ್ರಂಥ ಸಾಹಿಬ್‌ಗೆ ತನ್ನದೇ ಮರ್ಯಾದೆಯ ಕ್ರಮ ಇರುವುದರಿಂದ ಅದನ್ನು ಇಂಥ ಕೂಟಕ್ಕೆ ತರಲು ಕೇಳಲೇಬಾರದು. ಬೇಕಾದ ಸಾಲುಗಳನ್ನು ಹಾಳೆಯಲ್ಲಿ ಮುದ್ರಿಸಿಕೊಳ್ಳುವುದು ಸುಲಭ. ಆದರೆ ಕೊನೆಯಲ್ಲಿ ಆ ಹಾಳೆಗಳನ್ನು ಎಣಿಸಿ, ತಂದವರ ಕೈಗೇ ವಾಪಸ್ ಕೊಡಿ. ಕಸದಬುಟ್ಟಿಯಲ್ಲಿ ಒಂದು ಹಾಳೆ ಕಂಡರೆ ನಾಲ್ಕು ತಿಂಗಳ ಕೆಲಸ ಹೋಯಿತು.

ಕೆಟ್ಟಾಗ

ಸುದ್ದಿ ಒಳಗೆ ಬರುತ್ತದೆ. ಎಲ್ಲೋ ಏನೋ ಆಗಿರುತ್ತದೆ, ಒಬ್ಬರು ಇನ್ನೊಬ್ಬರ ಕಡೆ ತಿರುಗಿ ‘ಅದನ್ನು ನೀವು ಖಂಡಿಸುತ್ತೀರಾ?’ ಎಂದು ಕೇಳುತ್ತಾರೆ. ಈ ಪ್ರಶ್ನೆ ಗೆಳೆಯರನ್ನು ಆರೋಪಿಗಳನ್ನಾಗಿ ಮಾಡುತ್ತದೆ. ಕೂಟ ನಡೆಸುವವರು ತಕ್ಷಣ ಹೇಳಬೇಕು: ‘ಅದಕ್ಕೆ ಇಲ್ಲಿ ಕೂತವರು ಯಾರೂ ಉತ್ತರ ಕೊಡಬೇಕಿಲ್ಲ. ಆ ಸುದ್ದಿ ಕೇಳಿದಾಗ ನಿಮಗೆ ಏನಾಯಿತು, ಅದನ್ನು ಎಲ್ಲರೂ ಹೇಳೋಣ, ಕೇಳಿದವರಿಂದಲೇ ಶುರುವಾಗಲಿ.’ ಸುಮ್ಮನೆ ವಿಷಯ ಬದಲಿಸಿದರೆ ಅದು ಕಂಬಳಿಯ ಕೆಳಗಿನ ಕೆಂಡ.

ನೋಯಿಸುವ ಮಾತು ಬಿದ್ದಾಗ ‘ನೀವು ಹಾಗೆ ಹೇಳಬಾರದಿತ್ತು’ ಎಂದರೆ ಎದುರಿನವರು ಗೋಡೆ ಕಟ್ಟುತ್ತಾರೆ. ‘ನನಗೆ ಅದು ಹೀಗೆ ಕೇಳಿಸಿತು, ನೀವು ಹೇಳಿದ್ದು ಅದೇನಾ?’ ಎನ್ನಿ. ಎಷ್ಟೋ ಸಲ ಅದಲ್ಲ ಎಂದೇ ಗೊತ್ತಾಗುತ್ತದೆ. ತಪ್ಪು ನಿಮ್ಮದಾದರೆ ‘ನಿಮಗೆ ಬೇಜಾರಾಗಿದ್ದರೆ ಕ್ಷಮಿಸಿ’ ಬೇಡ. ಅದು ತಪ್ಪನ್ನು ಅವರ ಮನಸ್ಸಿಗೆ ದಾಟಿಸುವ ಜಾಣತನ. ‘ನಾನು ಹೇಳಿದ್ದು ತಪ್ಪಾಯಿತು’, ಅಷ್ಟು ಸಾಕು, ವಿವರಣೆ ಬೇಡ.

ಸಂಖ್ಯೆಯಲ್ಲಿ ಹೆಚ್ಚಿರುವವರು ಕಡಿಮೆ ಇರುವವರನ್ನೇ ಕೇಳುತ್ತ ಕೂರುವುದು ಇನ್ನೊಂದು ಕೆಡುಕು. ಕುತೂಹಲ ಒಳ್ಳೆಯದೇ, ಆದರೆ ಒಂದೇ ಕಡೆಯಿಂದ ಬಂದರೆ ಅದು ಸಂದರ್ಶನ. ಒಂದು ಪ್ರಶ್ನೆ ಕೇಳಿದವರು ಅದೇ ಪ್ರಶ್ನೆಗೆ ತಾವೂ ಉತ್ತರ ಕೊಡಬೇಕೆಂದು ನಿಯಮ ಮಾಡಿಬಿಟ್ಟರೆ ಇದು ತಾನಾಗಿ ಸರಿಹೋಗುತ್ತದೆ. ಪ್ರಶ್ನೆಗಳ ಹರಿತವೂ ಕಡಿಮೆಯಾಗುತ್ತದೆ.

ಮಾತು ಬಿಡದವರಿಗೆ ಮರಳುಗಡಿಯಾರ ಇಡಿ. ಮನುಷ್ಯರು ತಡೆದರೆ ಅವಮಾನ, ಮರಳು ತಡೆದರೆ ಅಲ್ಲ. ಉತ್ತರ ಗೊತ್ತಿಲ್ಲದಾಗ ‘ಗೊತ್ತಿಲ್ಲ, ಮನೆಯಲ್ಲಿ ಕೇಳಿ ಬರುತ್ತೇನೆ’ ಎನ್ನುವುದನ್ನು ನಡೆಸುವವರೇ ಮೊದಲು ಹೇಳಿ ತೋರಿಸಲಿ. ಮುಂದಿನ ಭೇಟಿ ಶುರುವಾಗುವುದಕ್ಕೆ ಅದಕ್ಕಿಂತ ಒಳ್ಳೆಯ ನೆಪ ಇಲ್ಲ.

ಮೂರ್ನಾಲ್ಕು ಭೇಟಿಯ ಮೇಲೂ ಬರೀ ಮಾತೇ ಆದರೆ ಜನ ಒಬ್ಬೊಬ್ಬರಾಗಿ ಬಿಡುತ್ತಾರೆ. ಅಷ್ಟರಲ್ಲಿ ಒಂದು ಸಣ್ಣ ಕೆಲಸ ಹಿಡಿಯಿರಿ, ಮೂರು ಗಂಟೆಯಲ್ಲಿ ಮುಗಿಯುವಂಥದ್ದು, ಯಾರ ಪೂಜಾಸ್ಥಳಕ್ಕೂ ಸಂಬಂಧಿಸದ್ದು. ಪಾರ್ಕು ಗುಡಿಸುವುದು, ಒಂಟಿಯಾಗಿರುವ ವೃದ್ಧರನ್ನು ನೋಡಿಬರುವುದು, ರಕ್ತದಾನ. ಪೊರಕೆ ಕೈಯಲ್ಲಿದ್ದಾಗ, ಕಣ್ಣಿಗೆ ಕಣ್ಣು ಕೊಡಬೇಕಿಲ್ಲದಾಗ, ಮೇಜಿನ ಸುತ್ತ ಬಾರದ ಮಾತುಗಳು ಬರುತ್ತವೆ.

ಪ್ರತಿ ಭೇಟಿಯ ಕೊನೆಯ ಹತ್ತು ನಿಮಿಷ ಬಿಡಬೇಡಿ. ಒಬ್ಬೊಬ್ಬರೂ ‘ಇವತ್ತು ನನಗೆ ಹೊಸದಾಗಿ ಗೊತ್ತಾದದ್ದು’ ಮತ್ತು ‘ಇನ್ನೂ ಅರ್ಥವಾಗದ್ದು’ ಎಂದು ಒಂದೊಂದು ವಾಕ್ಯ ಹೇಳಲಿ, ಯಾರೂ ಉತ್ತರಿಸಬಾರದು. ಅರ್ಥವಾಗದ್ದನ್ನು ಒಬ್ಬರು ಬರೆದಿಟ್ಟುಕೊಳ್ಳಲಿ, ಮುಂದಿನ ಸಲದ ಮೊದಲ ಪ್ರಶ್ನೆ ಅದೇ. ಆಮೇಲೆ ಆ ಬಣ್ಣಬಣ್ಣದ ಹಾಳೆ ಬಿಚ್ಚಿ, ಯಾರ ಉಪವಾಸವೂ ಯಾರ ಹಬ್ಬವೂ ಇಲ್ಲದ ಒಂದು ದಿನ ಹುಡುಕಿ, ಕುರ್ಚಿಯಿಂದ ಏಳುವ ಮೊದಲೇ ಗುರುತು ಹಾಕಿ.